ಲೋಹದ ಕಪಾಟಿನೊಳಗೆ ರೂಟರ್ ಇಟ್ಟರೆ ವೈ-ಫೈ ಏಕೆ ಕುಂದುತ್ತದೆ?

ಕಬ್ಬಿಣದ ಕಪಾಟಿನೊಳಗೆ ರೂಟರ್ ಇಟ್ಟು ಬಾಗಿಲು ಮುಚ್ಚಿದರೆ ಸಿಗ್ನಲ್ ಬಹಳಷ್ಟು ಕುಂದುತ್ತದೆ. ಆದರೂ ಅದು ಪೂರ್ತಿ ನಿಲ್ಲದಿರುವುದೇಕೆ ಎಂಬುದೇ ಇಲ್ಲಿ ಹೆಚ್ಚು ಸ್ವಾರಸ್ಯಕರ ಪ್ರಶ್ನೆ.

ವೈ-ಫೈ ತರಂಗವು ಲೋಹವನ್ನು ತಾಕಿದಾಗ ಅಲ್ಲಿನ ಮುಕ್ತ ಎಲೆಕ್ಟ್ರಾನುಗಳು ಚಲಿಸಿ, ಒಳಹೊಕ್ಕ ತರಂಗವನ್ನು ಅಡಗಿಸುವುದರ ಜೊತೆಗೆ ಶಕ್ತಿಯ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತವೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತನದ ತರಂಗವು ಅಲ್ಯೂಮಿನಿಯಂನೊಳಗೆ ಒಂದೆರಡು ಮೈಕ್ರಾನ್‌ಗಳಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇಳಿಯುವಷ್ಟರಲ್ಲೇ ಕ್ಷೀಣಿಸುವುದರಿಂದ ತಗಡಿನ ದಪ್ಪ ಇಲ್ಲಿ ಮುಖ್ಯವಲ್ಲ. ಅಡುಗೆಮನೆಯ ಫಾಯಿಲ್ ಕೂಡ ಸಾಕು.

ಹಾಗಾಗಿ ಹೊರಬರುವ ಸಿಗ್ನಲ್ ಲೋಹವನ್ನು ದಾಟಿ ಬಂದದ್ದಲ್ಲ, ಬಾಗಿಲಿನ ಸಂದಿನಿಂದಲೋ ಕೇಬಲ್ಲಿನ ತೂತಿನಿಂದಲೋ ಸೋರಿದ್ದು. ಈ ಸೋರಿಕೆಯಲ್ಲಿ ತೆರಪಿನ ವಿಸ್ತೀರ್ಣಕ್ಕಿಂತ ಅದರ ಉದ್ದವೇ ನಿರ್ಣಾಯಕ. 2.4 ಗಿಗಾಹರ್ಟ್ಸ್‌ನ ತರಂಗಾಂತರ ಸುಮಾರು 12.5 ಸೆಂಟಿಮೀಟರ್; ಅದರ ಅರ್ಧದಷ್ಟು, ಅಂದರೆ ಆರು ಸೆಂಟಿಮೀಟರಿನಷ್ಟು ಉದ್ದದ ಸೀಳು ಎಷ್ಟೇ ಕಿರಿದಾಗಿದ್ದರೂ ತಾನೇ ಆಂಟೆನಾದಂತೆ ವರ್ತಿಸಬಲ್ಲದು. ಇದಕ್ಕೆ ವಿರುದ್ಧವಾಗಿ, ಮೈಕ್ರೋವೇವ್ ಓವನ್ನಿನ ಬಾಗಿಲಿನಲ್ಲಿ ನೂರಾರು ತೂತುಗಳಿದ್ದರೂ ಪ್ರತಿಯೊಂದೂ ಕೆಲವೇ ಮಿಲಿಮೀಟರಿನದಾದ ಕಾರಣ ಹೆಚ್ಚುಕಡಿಮೆ ಅದೇ ಆವರ್ತನದ ತರಂಗಗಳು ಒಳಗೇ ಉಳಿಯುತ್ತವೆ.

ಕಪಾಟಿಗೆ ಯಾದೃಚ್ಛಿಕವಾಗಿ ತೂತು ಕೊರೆಯುವುದನ್ನು ನಾನು ಸೂಚಿಸುವುದಿಲ್ಲ. ಬಿಚ್ಚಬಹುದಾದ ಆಂಟೆನಾಗಳಿದ್ದರೆ ಕೊಆಕ್ಸಿಯಲ್ ಕೇಬಲ್ (ಆಂಟೆನಾ ಸಿಗ್ನಲ್ ಸಾಗಿಸುವ ತಂತಿ) ಮೂಲಕ ಅವನ್ನು ಹೊರತನ್ನಿ; ಇಲ್ಲದಿದ್ದರೆ ರೂಟರನ್ನು ಒಳಗೇ ಬಿಟ್ಟು, ಈಥರ್ನೆಟ್ ತಂತಿಯಿಂದ ಹೊರಗೊಂದು ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಹರಡುವ ಸಾಧನ) ಜೋಡಿಸಿ. ಎರಡರಲ್ಲೂ ಆಂಟೆನಾ ಲೋಹಕ್ಕೆ ಅಂಟಿಕೊಂಡಿರಬಾರದು, ಏಕೆಂದರೆ ಹತ್ತಿರದ ಲೋಹವು ಅದರ ಶ್ರುತಿಯನ್ನೇ, ಅಂದರೆ ಆವರ್ತನದೊಂದಿಗಿನ ಹೊಂದಾಣಿಕೆಯನ್ನೇ, ಕೆಡಿಸುತ್ತದೆ.