ನಿಮ್ಮ ‘ಮ್ಯಾಗ್ಮಾ’ ಲೇಖನದ ಬಗ್ಗೆ

ನಮಸ್ಕಾರ.

ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ನುಡಿಸುವ ಗೊಜಿರಾ ತಂಡದ ‘ಮ್ಯಾಗ್ಮಾ’ ಆಲ್ಬಮ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲನ್ನೇ ನೋಡಿ: ‘ಇದು ನೋವಿನ ಜ್ವಾಲಾಮುಖಿಯ ಸ್ಫೋಟ.’ ಮ್ಯಾಗ್ಮಾ ಅಂದರೆ ಇನ್ನೂ ನೆಲದೊಳಗೇ ಇರುವ ಕರಗಿದ ಕಲ್ಲು. ಉಕ್ಕಿ ಹೊರಗೆ ಬಂದ ಮೇಲೆ ಅದನ್ನು ಲಾವಾ ಅನ್ನುತ್ತಾರೆ. ತಂಡ ಇಟ್ಟ ಹೆಸರೇ ಒಳಗೆ ಉಳಿದದ್ದರ ಹೆಸರು. ನೀವು ಮೂರು ಪುಟದ ತುಂಬ ಸ್ಫೋಟ, ಗುಡುಗು, ಆರ್ಭಟ ಅಂತ ಬರೆದಿದ್ದೀರಿ. ಈ ಮಾತುಗಳನ್ನು ಯಾವ ಮೆಟಲ್ ಆಲ್ಬಮ್‌ಗೆ ಬೇಕಾದರೂ ಅಂಟಿಸಬಹುದು, ಅಲ್ವಾ?

ಕಥೆ ನಿಮಗೆ ಗೊತ್ತೇ ಇದೆ. ತಂಡದಲ್ಲಿ ಅಣ್ಣ ಜೋ ಡುಪ್ಲಾಂಟಿಯೇ ಹಾಡುತ್ತಾರೆ, ಗಿಟಾರ್ ನುಡಿಸುತ್ತಾರೆ. ತಮ್ಮ ಮಾರಿಯೋ ಡ್ರಮ್ಸ್. ಫ್ರಾನ್ಸಿನ ಈ ಅಣ್ಣತಮ್ಮಂದಿರು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತಮ್ಮದೇ ಸ್ಟುಡಿಯೋದಲ್ಲಿ ಆಲ್ಬಮ್ ಮಾಡುತ್ತಿದ್ದಾಗ ತಾಯಿ ಕಾಯಿಲೆ ಬಿದ್ದರು, 2015ರಲ್ಲಿ ತೀರಿಕೊಂಡರು. ಆಲ್ಬಮ್ 2016ರಲ್ಲಿ ಬಂತು. ನೀವು ಇದನ್ನು ಕೊನೆಯ ಪುಟದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇದು ಮೇಲೆ ಬರಲಿ.

ಆಮೇಲೆ ಕಿವಿಗೆ ಕೇಳಿಸಿದ್ದನ್ನು ಬರೆಯಿರಿ. ಇದೇ ತಂಡದ 2008ರ ಆಲ್ಬಮ್ 70 ನಿಮಿಷ ದಾಟುತ್ತದೆ. ‘ಮ್ಯಾಗ್ಮಾ’ ಸುಮಾರು 44 ನಿಮಿಷ. ಹಾಡುಗಳು ಚಿಕ್ಕವಾದವು. ಅರಚುವ ದನಿ ಕಡಿಮೆಯಾಗಿ ಸುಮ್ನೆ ಹಾಡುವ ದನಿ ಜಾಸ್ತಿಯಾಯಿತು. ಮೊದಲ ಹಾಡೇ ಅಂಥದ್ದು, ನಿಧಾನ. ‘ಲೋ ಲ್ಯಾಂಡ್ಸ್’ ತಾಯಿಗಾಗಿ ಬರೆದದ್ದು, ಹೊರಟು ಹೋದವರನ್ನು ಮಾತಾಡಿಸುವ ಹಾಡು. ನಿನ್ನೆ ರಾತ್ರಿ ಮತ್ತೆ ಕೇಳಿದೆ. ಅದರಲ್ಲಿ ಎಷ್ಟೋ ಹೊತ್ತು ಯಾರೂ ಕಿರುಚುವುದಿಲ್ಲ. ನೀವು ಅದನ್ನೂ ‘ಆರ್ತನಾದ’ ಅಂದಿದ್ದೀರಿ. ನಿಜವಾಗಿ ಹಾಗೆ ಕೇಳಿಸಿತಾ, ಅಥವಾ ಮೆಟಲ್ ಅಂದರೆ ಹಾಗೆ ಬರೆಯಬೇಕು ಅನಿಸಿತಾ? ದುಃಖ ಬಂದಾಗ ಈ ತಂಡ ಏನನ್ನು ಕಡಿಮೆ ಮಾಡಿತು ಅನ್ನುವುದೇ ನಿಮ್ಮ ಲೇಖನ ಆಗಬಹುದು.

ಇನ್ನು ಎರಡನೇ ಪುಟದ ಆ ಮೂರು ಸಾಲು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀವೂ ಅಣ್ಣನೂ ಒಂದೇ ಬೆಂಚಿನ ಮೇಲೆ ಕೂತು, ಒಂದು ಇಯರ್‌ಫೋನನ್ನು ಹಂಚಿಕೊಂಡು ಇದನ್ನು ಕೇಳಿದ್ದು, ಇಬ್ಬರೂ ಮಾತಾಡದೇ ಇದ್ದದ್ದು. ನಾನು ಓದುವುದನ್ನು ನಿಲ್ಲಿಸಿದ್ದು ಅಲ್ಲಿ. ಮುಂದಿನ ಸಾಲಿನಲ್ಲೇ ‘ಸಂಗೀತವೇ ದಿವ್ಯೌಷಧ’ ಅಂತ ಬರೆದು ಆ ಬೆಂಚನ್ನು ಮರೆಸಿಬಿಟ್ಟಿರಿ. ಆ ಸಾಲು ಹೊಡೆದುಹಾಕಿ. ಬೆಂಚಿನ ಬಗ್ಗೆ ಇನ್ನೊಂದಿಷ್ಟು ಬರೆಯಿರಿ: ಯಾವ ಹಾಡು ಬರುತ್ತಿತ್ತು, ಯಾರು ಮೊದಲು ಎದ್ದರು. ಅಪ್ಪನ ಕಾಯಿಲೆಯ ವಿವರ ಬೇಡ. ಬರೆಯುವ ಮೊದಲು ಅಣ್ಣನನ್ನು ಒಂದು ಮಾತು ಕೇಳಿ. ಆತ ಬೇಡ ಅಂದರೆ ಆ ಭಾಗ ಬಿಟ್ಟೇ ಕಳಿಸಿ, ನನಗೇನೂ ಬೇಸರವಿಲ್ಲ.

ಕೊನೆಯ ಹಾಡು ‘ಲಿಬರೇಷನ್’ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ಅದರಲ್ಲಿ ಮಾತೇ ಇಲ್ಲ. ಅಕೂಸ್ಟಿಕ್ ಗಿಟಾರ್, ಕೈಯಲ್ಲಿ ಬಡಿಯುವ ತಾಳ, ಅಷ್ಟೇ. ಇಷ್ಟು ಭಾರದ ಆಲ್ಬಮ್ ಯಾಕೆ ಹಾಗೆ ಮುಗಿಯುತ್ತದೆ ಅಂತ ನಿಮಗೆ ಅನಿಸುತ್ತದೆ? ಅದನ್ನು ಓದುವ ಆಸೆ ನನಗಿದೆ. 800 ಪದ ಸಾಕು. ಅವಸರವಿಲ್ಲ, ಆದರೆ ಕಳಿಸಿ.