ಟೊಮೆಟೊ ಬರೆದದ್ದಕ್ಕೆ ಅಂಕ ಹೋಯಿತು

ಓದುಗರ ಪತ್ರ: ಐದನೇ ತರಗತಿಯ ನನ್ನ ಮಗಳು ವಿಜ್ಞಾನ ಪರೀಕ್ಷೆಯಲ್ಲಿ ಟೊಮೆಟೊವನ್ನು ಹಣ್ಣುಗಳ ಪಟ್ಟಿಗೆ ಸೇರಿಸಿದ್ದಳು. ಅದು ತರಕಾರಿ ಅಂತ ಟೀಚರ್ ಒಂದು ಅಂಕ ಕಳೆದಿದ್ದಾರೆ. ಅವಳು ಬರೆದದ್ದು ತಪ್ಪಾ?
– ಓದುಗರೊಬ್ಬರು, ಪುತ್ತೂರು

ಸಂಪಾದಕರ ಉತ್ತರ: ಖಂಡಿತ ತಪ್ಪಲ್ಲ. ಮೊದಲು ಮಗಳಿಗೆ ಅದನ್ನು ಹೇಳಿಬಿಡಿ.

ಹೂವಿನ ಅಂಡಾಶಯ ಬೆಳೆದು ಆಗುವುದು ಹಣ್ಣು. ಬೀಜ ಅದರೊಳಗೆ ಇರುತ್ತದೆ. ಹಾಗೆ ನೋಡಿದರೆ ಟೊಮೆಟೊ ಮಾತ್ರ ಅಲ್ಲ, ಬದನೆ, ಬೆಂಡೆ, ಸೌತೆ, ಹೀರೆ, ನುಗ್ಗೆ, ಹಸಿಮೆಣಸು ಎಲ್ಲವೂ ಹಣ್ಣೇ. ತರಕಾರಿ ಅನ್ನುವ ಗುಂಪು ಸಸ್ಯಶಾಸ್ತ್ರದಲ್ಲಿ ಇಲ್ಲ, ಅದು ಅಡುಗೆಮನೆಯದು. ಕ್ಯಾರೆಟ್ ಬೇರು. ಆಲೂಗಡ್ಡೆ ಮಣ್ಣೊಳಗೆ ಉಬ್ಬಿದ ಕಾಂಡ. ಹೂಕೋಸು ಅರಳುವ ಮೊದಲೇ ಕೊಯ್ದ ಹೂಗೊಂಚಲು. ಪಲ್ಯಕ್ಕೋ ಸಾಂಬಾರಿಗೋ ಆಗುತ್ತವೆ ಅಂತ ನಾವು ಇವನ್ನೆಲ್ಲ ಒಟ್ಟಿಗೆ ಸೇರಿಸಿದ್ದೇವೆ, ಅಷ್ಟೇ.

ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿತ್ತು. 1883ರ ಕಾಯ್ದೆಯಂತೆ ಅಲ್ಲಿ ಹೊರದೇಶದ ತರಕಾರಿಗೆ ಶೇ. 10 ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ನ್ಯೂಯಾರ್ಕಿನ ವ್ಯಾಪಾರಿ ನಿಕ್ಸ್ ಕುಟುಂಬದವರು ವೆಸ್ಟ್ ಇಂಡೀಸ್‌ನಿಂದ ಟೊಮೆಟೊ ತರಿಸಿದ್ದರು. ಕಟ್ಟಿದ ಸುಂಕ ವಾಪಸ್ ಕೊಡಿ ಅಂತ ಕೇಸು ಹಾಕಿದರು. ಕೋರ್ಟಿನಲ್ಲಿ ಡಿಕ್ಷನರಿಗಳನ್ನೇ ತೆರೆದು ಓದಿದರು! 1893ರಲ್ಲಿ ತೀರ್ಪು ಬಂತು. ಸಸ್ಯಶಾಸ್ತ್ರದ ಪ್ರಕಾರ ಟೊಮೆಟೊ ಹಣ್ಣು ಹೌದು, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟ ಮುಗಿದ ಮೇಲೆ ಸಿಹಿಯ ಜಾಗದಲ್ಲಿ ಅಲ್ಲ. ಹಾಗಾಗಿ ಸುಂಕದ ಮಟ್ಟಿಗೆ ತರಕಾರಿ. ನಿಕ್ಸ್ ಸೋತರು. ಆದರೆ ನಿಮ್ಮ ಮಗಳು ಬರೆದ ಮಾತನ್ನು ಆ ನ್ಯಾಯಾಧೀಶರೂ ಅಲ್ಲಗಳೆಯಲಿಲ್ಲ, ನೋಡಿ.

ಅವಳು ಬರೆದದ್ದು ವಿಜ್ಞಾನದ ಪರೀಕ್ಷೆ. ಅಲ್ಲಿ ಗಿಡದ ಲೆಕ್ಕವೇ ನಡೆಯಬೇಕು ಅಲ್ವಾ? ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿ. ಒಂದು ಟೊಮೆಟೊ, ಒಂದು ಬೆಂಡೆ ಕೊಯ್ದು ಮಕ್ಕಳಿಗೇ ಬೀಜ ತೋರಿಸಿದರೆ ಆ ಪಾಠ ಇನ್ನೂ ಚೆನ್ನಾಗಿ ಆಗುತ್ತದೆ.

ನಿಮ್ಮ ಊರಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆಗಳಿವೆ. ಹಲಸು ಒಂದು ಹೂವಿನಿಂದ ಆದದ್ದಲ್ಲ. ಒಂದೊಂದು ತೊಳೆಯೂ ಒಂದೊಂದು ಹೂವಿನದು. ಎಳೆಯದಿದ್ದಾಗ ಗುಜ್ಜೆ ಪಲ್ಯ ಮಾಡುತ್ತೀರಲ್ಲ, ಆಗಲೂ ಅದು ಹಣ್ಣೇ. ಗೇರಿನ ಕಥೆ ಇನ್ನೂ ಸ್ವಾರಸ್ಯ. ನಾವು ರಸ ಹೀರುವ ಗೇರುಹಣ್ಣು ಉಬ್ಬಿದ ತೊಟ್ಟು ಮಾತ್ರ. ಅದರ ತುದಿಗೆ ನೇತಾಡುವ ಗಟ್ಟಿ ಗೇರುಬೀಜವೇ ನಿಜವಾದ ಹಣ್ಣು, ಗೋಡಂಬಿ ಅದರೊಳಗಿನ ತಿರುಳು. ಗೇರು ಹೂ ಬಿಡುವ ಕಾಲದಲ್ಲಿ ಮಗಳನ್ನು ಮರದ ಹತ್ತಿರ ಕರೆದುಕೊಂಡು ಹೋಗಿ. ಹೂ ಉದುರಿದ ಮೇಲೆ ಮೊದಲು ಬೆಳೆಯುವುದು ಬೀಜ, ತೊಟ್ಟು ಉಬ್ಬುವುದು ಆಮೇಲೆ. ಹಸಿ ಬೀಜದ ಸೊನೆ ಚರ್ಮ ಸುಡುತ್ತದೆ, ಅವಳು ಅದನ್ನು ಒಡೆಯದ ಹಾಗೆ ನೋಡಿಕೊಳ್ಳಿ.