ಹಿಂಜರಿತದ ಕಾಲದಲ್ಲಿ ಕೆಲಸ ಉಳಿದವರಿಗೆ ಏನು ನಷ್ಟ?

ನೀವು ಕೇಳಿರುವುದು ಇಷ್ಟು: ಆರ್ಥಿಕ ಹಿಂಜರಿತ ಬಂದು ನಿರುದ್ಯೋಗ ಶೇ. 6ಕ್ಕೋ 7ಕ್ಕೋ ಏರಿದರೆ ಆ ಆರೇಳು ಜನರಿಗೆ ಕಷ್ಟವಾಗುವುದು ನಿಜ, ಆದರೆ ಉಳಿದ ತೊಂಬತ್ತಮೂರು ಜನ ದುಡಿಯುತ್ತಲೇ ಇರುವಾಗ ಇಡೀ ದೇಶದ ಆರ್ಥಿಕತೆ ಏಕೆ ಕುಗ್ಗಬೇಕು? ನಾನು ಮಂಡ್ಯ ಮತ್ತು ಮೈಸೂರಿನ ಬ್ಯಾಂಕ್ ಶಾಖೆಗಳಲ್ಲಿ, ಬಹುಪಾಲು ಸಾಲ ವಿಭಾಗದಲ್ಲೇ, ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಹೇಳುವುದಾದರೆ, ದೇಶವನ್ನು ಹೆಚ್ಚು ಕುಗ್ಗಿಸುವುದು ಕೆಲಸ ಕಳೆದುಕೊಂಡವರ ನಿಂತ ಸಂಪಾದನೆಗಿಂತಲೂ ಕೆಲಸ ಉಳಿಸಿಕೊಂಡವರು ಹೆದರಿ ತಡೆಹಿಡಿದ ಖರ್ಚು. ಇದರ ಜೊತೆಗೆ, ನಮ್ಮ ದೇಶದ ಮಟ್ಟಿಗೆ ಆ 'ಆರೇಳು ಜನ' ಎಂಬ ಲೆಕ್ಕವನ್ನೇ ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ದೇಶದ ಒಟ್ಟು ಉತ್ಪನ್ನ (ಜಿಡಿಪಿ) ಸತತ ಎರಡು ತ್ರೈಮಾಸಿಕಗಳಲ್ಲಿ ಇಳಿದರೆ ಅದನ್ನು ಹಿಂಜರಿತ ಎಂದು ಕರೆಯುವುದು ರೂಢಿ. 2020ರಲ್ಲಿ ನಮ್ಮಲ್ಲಿ ಹೀಗಾಯಿತು. ಮೊದಲ ಅಂದಾಜುಗಳ ಪ್ರಕಾರ ಏಪ್ರಿಲ್–ಜೂನ್ ಅವಧಿಯಲ್ಲಿ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ. 24ರಷ್ಟು, ಮುಂದಿನ ಮೂರು ತಿಂಗಳಲ್ಲಿ ಶೇ. 7.5ರಷ್ಟು ಕುಸಿದಿತ್ತು.

ಈಗ ಹೂಟಗಳ್ಳಿ ಅಥವಾ ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದ ಯಾವುದೋ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಆರ್ಡರ್ ಕಡಿಮೆಯಾದಾಗ ಮಾಲೀಕರು ಕಾಯಂ ನೌಕರರನ್ನು ಮೊದಲಿಗೇ ಮುಟ್ಟುವುದಿಲ್ಲ. ಮೊದಲು ಓಟಿ ನಿಲ್ಲುತ್ತದೆ, ಆಮೇಲೆ ರಾತ್ರಿ ಪಾಳಿ ನಿಲ್ಲುತ್ತದೆ, ಅದಾದ ಮೇಲೆ ಗುತ್ತಿಗೆ ಕಾರ್ಮಿಕರಿಗೆ 'ನಾಳೆಯಿಂದ ಬರಬೇಡಿ, ಬೇಕಾದಾಗ ಫೋನ್ ಮಾಡುತ್ತೇವೆ' ಎಂದು ಗುತ್ತಿಗೆದಾರನ ಕಡೆಯವರು ಹೇಳಿ ಕಳಿಸುತ್ತಾರೆ. ಮಂಡ್ಯದ ಗದ್ದೆಗಳಿಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆ ಭಾಗದ ಗದ್ದೆಗಳೇ. ಹಿಂಜರಿತದಲ್ಲಿ ಗುತ್ತಿಗೆ ಕಾರ್ಮಿಕರ ಸ್ಥಾನವೂ ಅದೇ. ಆ ಹುಡುಗರು ರೂಮು ಖಾಲಿ ಮಾಡಿ ಊರಿಗೆ ಹೋದರೆ ಮನೆ ಮಾಲೀಕರ ಬಾಡಿಗೆ, ಮೆಸ್ಸಿನ ವ್ಯಾಪಾರ, ದಿನಸಿ ಅಂಗಡಿಯ ಬಾಕಿ, ಬೈಕ್ ಸಾಲದ ಕಂತು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಆದರೆ ನನ್ನ ಗಮನ ಸೆಳೆದದ್ದು ಅದೇ ಕಾರ್ಖಾನೆಯ ಕಾಯಂ ನೌಕರರ ನಡೆ. ಅವರಿಗೆ ಸಂಬಳ ಬರುತ್ತಲೇ ಇತ್ತು. ಆದರೂ ಮಂಜೂರಾದ ಗೃಹಸಾಲವನ್ನು ಎತ್ತದೆ 'ಮಹಡಿ ಕಟ್ಟುವುದನ್ನು ಮುಂದಿನ ವರ್ಷ ನೋಡೋಣ ಸಾರ್' ಎಂದು ಹೇಳಿ ಹೋದವರು ಅವರೇ. ಒಂದು ಮಹಡಿ ನಿಂತರೆ ಗಾರೆ ಕೆಲಸದವರು, ಬಾರ್ ಬೆಂಡಿಂಗ್‌ನವರು, ಮರಗೆಲಸದವರು, ಪೇಂಟರ್‌ಗಳು, ಸಿಮೆಂಟ್ ಅಂಗಡಿ, ಜಲ್ಲಿ ಹೊಡೆಯುವ ಲಾರಿ ಇಷ್ಟೂ ಜನರ ಕೆಲವು ತಿಂಗಳ ಅನ್ನ ನಿಲ್ಲುತ್ತದೆ. ಇವರಲ್ಲಿ ಯಾರಿಗೂ ಆ ಕಾರ್ಖಾನೆಯ ಹೆಸರು ಕೂಡ ಗೊತ್ತಿರುವುದಿಲ್ಲ. ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ, ಆದ್ದರಿಂದ ಎಲ್ಲರೂ ಏಕಕಾಲಕ್ಕೆ ಉಳಿತಾಯಕ್ಕೆ ಇಳಿದರೆ ಎಲ್ಲರ ಆದಾಯವೂ ಇಳಿದು ಕೊನೆಗೆ ಉಳಿತಾಯವೂ ಆಗುವುದಿಲ್ಲ ಎಂಬುದನ್ನು ಕೇನ್ಸ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲಿ ವಿವರಿಸಿದರು. ಮನೆಯ ಮಟ್ಟಿಗೆ ಜಾಣತನವಾದದ್ದು ದೇಶದ ಮಟ್ಟಿಗೆ ಹಾನಿಯಾಗುವ ಸಂದರ್ಭ ಇದು.

ಬಡ್ಡಿ ಇಳಿಸಿದರೆ ಸರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ ಮತ್ತು ಮೇ ನಡುವೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ. 5.15ರಿಂದ ಶೇ. 4ಕ್ಕೆ ಇಳಿಸಿತು. ಅದರಿಂದ ಹಳೆಯ ಸಾಲಗಾರರ ಹೊರೆ ಸ್ವಲ್ಪ ಹಗುರವಾದದ್ದು ನಿಜ. ಆದರೆ ಠೇವಣಿ ತುಂಬಿ ಬರುತ್ತಿದ್ದ ಆ ದಿನಗಳಲ್ಲಿ ಹೊಸ ಸಾಲ ಕೇಳುವವರು ವಿರಳವಾಗಿದ್ದರು. ತಯಾರಿಸಿದ ಮಾಲೇ ಗೋದಾಮಿನಲ್ಲಿ ಕೂತಿರುವಾಗ ಬಡ್ಡಿ ಎಷ್ಟೇ ಅಗ್ಗವಾದರೂ ಯಾವ ಉದ್ಯಮಿಯೂ ಹೊಸ ಯಂತ್ರ ತರಿಸುವುದಿಲ್ಲ.

ಆ ವರ್ಷ ಶಾಖೆಗಳಲ್ಲಿ ನೂಕುನುಗ್ಗಲಿದ್ದದ್ದು ಒಂದೇ ಕೌಂಟರಿನಲ್ಲಿ, ಒಡವೆ ಸಾಲದ ಕೌಂಟರಿನಲ್ಲಿ. ಅಪ್ರೈಸರ್ ಒರೆಗಲ್ಲಿಗೆ ಬಳೆ ತಿಕ್ಕಿ, ಆಸಿಡ್ ಹನಿ ಬಿಟ್ಟು, ತೂಕ ಹಾಕಿ, ಕಲ್ಲಿನ ತೂಕ ಕಳೆದು ಚೀಟಿ ಬರೆದು ಕೊಡುತ್ತಿದ್ದರು. ಅರ್ಜಿಯಲ್ಲಿ ಸಾಲದ ಉದ್ದೇಶವನ್ನು ಬರೆಯುವ ಒಂದು ಅಂಕಣವಿರುತ್ತದೆ. ಸಾಮಾನ್ಯ ವರ್ಷಗಳಲ್ಲಿ ಅಲ್ಲಿ ಕಬ್ಬಿನ ಬೇಸಾಯ, ಹಸು ಖರೀದಿ, ಅಂಗಡಿಗೆ ಬಂಡವಾಳ ಎಂದು ಬರೆಯುತ್ತಿದ್ದ ಜನ ಆ ವರ್ಷ 'ಮನೆ ಖರ್ಚು' ಎಂದು ಬರೆಯತೊಡಗಿದರು. ರಿಸರ್ವ್ ಬ್ಯಾಂಕ್ ಕೂಡ ಪರಿಸ್ಥಿತಿ ನೋಡಿ 2020ರ ಆಗಸ್ಟ್‌ನಲ್ಲಿ ಕೃಷಿಯೇತರ ಉದ್ದೇಶದ ಒಡವೆ ಸಾಲದ ಮಿತಿಯನ್ನು ಚಿನ್ನದ ಮೌಲ್ಯದ ಶೇ. 75ರಿಂದ ಶೇ. 90ಕ್ಕೆ ತಾತ್ಕಾಲಿಕವಾಗಿ ಏರಿಸಿತು. ಭವಿಷ್ಯ ನಿಧಿಯ ವಿಷಯದಲ್ಲೂ ಹಾಗೆಯೇ: ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಥವಾ ಖಾತೆಯಲ್ಲಿರುವ ಮೊತ್ತದ ಶೇ. 75, ಇವೆರಡರಲ್ಲಿ ಕಡಿಮೆಯಾದುದನ್ನು ಹಿಂದಿರುಗಿಸುವ ಹೊಣೆಯಿಲ್ಲದೆ ತೆಗೆದುಕೊಳ್ಳಲು ಅವಕಾಶ ಕೊಡಲಾಯಿತು. ಆ ಹೊತ್ತಿಗೆ ಇವೆರಡೂ ಬೇಕಾಗಿದ್ದ ಕ್ರಮಗಳೇ. ಆದರೆ ಮುದಿತನಕ್ಕೆಂದು, ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟದ್ದು ಅಕ್ಕಿ ಬೇಳೆಗೆ ಕರಗಿತು. ಜಿಡಿಪಿ ಚೇತರಿಸಿಕೊಂಡಿತು ಎಂದು ವರ್ಷದ ನಂತರ ಪತ್ರಿಕೆಗಳಲ್ಲಿ ಓದುವಾಗಲೂ ಆ ಕುಟುಂಬಗಳು ಒಡವೆ ಬಿಡಿಸಿಕೊಳ್ಳುವುದರಲ್ಲೇ ಇದ್ದವು. ಹೊಸದಾಗಿ ಏನನ್ನೂ ಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂಜರಿತ ಮುಗಿದ ಮೇಲೂ ಬೇಡಿಕೆ ಮಂದವಾಗಿ ಉಳಿಯುವುದಕ್ಕೆ ಇದು ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ.

ಸರ್ಕಾರದ ಬೊಕ್ಕಸಕ್ಕೂ ಪೆಟ್ಟು ಬೀಳುತ್ತದೆ. ತೆರಿಗೆ ಇಳಿಯುವ ವರ್ಷದಲ್ಲೇ ಖರ್ಚು ಏರಬೇಕಾಗುತ್ತದೆ. 2020–21ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳಿಗೆ ಖೋತಾ ಆದ ತೆರಿಗೆಗೆ ಕೊಡಬೇಕಿದ್ದ ಪರಿಹಾರಕ್ಕೂ ಹಣ ಸಾಲದೆ ಕೇಂದ್ರವು ರಾಜ್ಯಗಳಿಗಾಗಿ 1.10 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿತು, ಮತ್ತು ಕೇಂದ್ರದ ವಿತ್ತೀಯ ಕೊರತೆ (ಸಾಲ ಮಾಡಿ ತುಂಬಬೇಕಾದ ಖರ್ಚು) ಜಿಡಿಪಿಯ ಶೇ. 9ನ್ನು ದಾಟಿತು.

ಇನ್ನು ಆ 'ಆರೇಳು ಜನ'ರ ಲೆಕ್ಕಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯ ವಾರ್ಷಿಕ ವರದಿಗಳಲ್ಲಿ ನಿರುದ್ಯೋಗ ದರ 2018–19ರಲ್ಲಿ ಶೇ. 5.8, 2019–20ರಲ್ಲಿ ಶೇ. 4.8, 2020–21ರಲ್ಲಿ ಶೇ. 4.2 ಎಂದಿದೆ. ಅಂದರೆ ಸ್ವಾತಂತ್ರ್ಯಾನಂತರದ ಅತಿ ದೊಡ್ಡ ಕುಸಿತದ ವರ್ಷದಲ್ಲಿ ನಿರುದ್ಯೋಗ ಇಳಿದಿದೆ! ಸಮೀಕ್ಷೆಯಲ್ಲಿ ಮೋಸವಿಲ್ಲ, ಅದು ಅಳೆಯುವ ರೀತಿಯೇ ಹಾಗಿದೆ. ವರ್ಷದಲ್ಲಿ ಮೂವತ್ತು ದಿನ ಯಾವುದಾದರೂ ಕೆಲಸ ಮಾಡಿದವರೂ ಉದ್ಯೋಗಿಗಳ ಪಟ್ಟಿಗೆ ಸೇರಬಲ್ಲರು. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿದರೂ ಅದು ಉದ್ಯೋಗವೇ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯಿಂದ ಮುಂಬೈಗೆ ಹೋಗಿ ಹೋಟೆಲು, ಟ್ಯಾಕ್ಸಿ, ಸಣ್ಣಪುಟ್ಟ ವ್ಯಾಪಾರ ಎಂದು ಬದುಕು ಕಟ್ಟಿಕೊಂಡಿದ್ದ ಕುಟುಂಬಗಳು 2020ರ ಮೇ ತಿಂಗಳಲ್ಲಿ ಊರಿಗೆ ಮರಳಿದ್ದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಅಣ್ಣನೊಬ್ಬನೇ ನೋಡಿಕೊಳ್ಳುತ್ತಿದ್ದ ಎರಡೆಕರೆ ರಾಗಿ ಹೊಲಕ್ಕೆ ಮೂವರು ತಮ್ಮಂದಿರು ಸೇರಿಕೊಂಡರೆ ಸಮೀಕ್ಷೆಯ ಕಣ್ಣಿಗೆ ನಾಲ್ವರೂ ಉದ್ಯೋಗಿಗಳು. ಬೆಳೆದ ರಾಗಿ ಮಾತ್ರ ಅಷ್ಟೇ. ದೇಶದ ಒಟ್ಟು ದುಡಿಯುವವರಲ್ಲಿ ಕೃಷಿಯ ಪಾಲು ಒಂದೇ ವರ್ಷದಲ್ಲಿ ಶೇ. 42.5ರಿಂದ ಶೇ. 45.6ಕ್ಕೆ ಏರಿದ್ದು ಈ ಕಥೆಯನ್ನೇ ಹೇಳುತ್ತದೆ. ದಶಕಗಳಿಂದ ಇಳಿಯುತ್ತಾ ಬಂದಿದ್ದ ಪಾಲು ಅದು. ಪಠ್ಯಪುಸ್ತಕಗಳು ಇದನ್ನು ಪ್ರಚ್ಛನ್ನ ನಿರುದ್ಯೋಗ ಎನ್ನುತ್ತವೆ. ಬಡವರಿಗೆ ಕೆಲಸವಿಲ್ಲದೆ ಕೂರುವ ಅನುಕೂಲವಿಲ್ಲದ ದೇಶದಲ್ಲಿ ಹಿಂಜರಿತ ನಿರುದ್ಯೋಗವಾಗಿ ಕಾಣುವುದಕ್ಕಿಂತ ಕಡಿಮೆ ಆದಾಯದ ಕೆಲಸವಾಗಿಯೇ ಹೆಚ್ಚು ಕಾಣುತ್ತದೆ.

ಆದರೆ ಉತ್ಪಾದನೆ ಇಳಿದ ಮಾತ್ರಕ್ಕೆ ಕೆಲಸಗಳು ಹೋಗಲೇಬೇಕೆಂದಿಲ್ಲ. 2009ರಲ್ಲಿ ಜರ್ಮನಿಯ ಉತ್ಪನ್ನ ಸುಮಾರು ಶೇ. 5ರಷ್ಟು ಕುಸಿಯಿತು, ಅಮೆರಿಕದ್ದು ಅದರ ಅರ್ಧದಷ್ಟು. ಆದರೂ ಅಮೆರಿಕದ ನಿರುದ್ಯೋಗ 2007ರ ಕೊನೆಯಲ್ಲಿದ್ದ ಶೇ. 5ರಿಂದ 2009ರ ಅಕ್ಟೋಬರ್‌ನಲ್ಲಿ ಶೇ. 10ಕ್ಕೆ ಏರಿದರೆ, ಜರ್ಮನಿಯಲ್ಲಿ ಅದು ಹೆಚ್ಚು ಅಲುಗಾಡಲಿಲ್ಲ. ಅಲ್ಲಿನ ಕಾರ್ಖಾನೆಗಳು ಕೆಲಸಗಾರರನ್ನು ತೆಗೆಯುವ ಬದಲು ಕೆಲಸದ ಗಂಟೆಗಳನ್ನು ಕಡಿಮೆ ಮಾಡಿದವು, ಕಳೆದುಹೋದ ವೇತನದ ದೊಡ್ಡ ಭಾಗವನ್ನು ಸರ್ಕಾರದ ಉದ್ಯೋಗ ವಿಮೆ ತುಂಬಿಕೊಟ್ಟಿತು. ಆರ್ಡರ್ ಮರಳಿದ ದಿನ ಪಳಗಿದ ಕೈಗಳು ಯಂತ್ರದ ಮುಂದೆಯೇ ಇದ್ದವು. ನಮ್ಮಲ್ಲೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿಯಲ್ಲಿ, ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನಗಳವರೆಗೆ ಕೊಡಲು 2020ರಲ್ಲಿ ಅವಕಾಶ ಮಾಡಲಾಯಿತು. ಆದರೆ ಇಎಸ್‌ಐ ಇಲ್ಲದ ಗಾರೆ ಕೆಲಸದವರಿಗೆ, ಮನೆಗೆಲಸದವರಿಗೆ, ಹೋಟೆಲ್ ಹುಡುಗರಿಗೆ ಅದು ತಲುಪುವುದಿಲ್ಲ. ಅಂಥವರನ್ನು ಆ ವರ್ಷ ಹಿಡಿದು ನಿಲ್ಲಿಸಿದ್ದು ಉದ್ಯೋಗ ಖಾತ್ರಿ. 2020–21ರಲ್ಲಿ ಏಳು ಕೋಟಿಗೂ ಹೆಚ್ಚು ಕುಟುಂಬಗಳು ಅದರಲ್ಲಿ ಕೆಲಸ ಮಾಡಿದವು. ಕೆರೆ ಹೂಳೆತ್ತುವ ಕೂಲಿ ದಂಡದ ಖರ್ಚು ಎನ್ನುವವರೊಡನೆ ನಾನು ಒಪ್ಪುವುದಿಲ್ಲ. ಆ ಕೂಲಿ ವಾರದೊಳಗೆ ಊರಿನ ಅಂಗಡಿಗೆ ಹೋಗುತ್ತದೆ, ಮೇಲೆ ಹೇಳಿದ ಸರಪಳಿ ಅಲ್ಲಿಂದ ಹಿಮ್ಮುಖವಾಗಿ, ಒಳ್ಳೆಯ ದಿಕ್ಕಿನಲ್ಲಿ, ಚಲಿಸತೊಡಗುತ್ತದೆ.

ಕುಸಿತದ ಕಾಲದಲ್ಲಿ ಸರ್ಕಾರ ಹೂಡಿದ ಹಣ ಏನು ಮಾಡಬಲ್ಲದು ಎಂಬುದಕ್ಕೆ ಮಂಡ್ಯದವರು ದೂರ ಹೋಗಬೇಕಿಲ್ಲ. 1929ರಲ್ಲಿ ಶುರುವಾದ ಜಾಗತಿಕ ಮಹಾಕುಸಿತದಲ್ಲಿ, 1933ರ ಹೊತ್ತಿಗೆ ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಭಾರತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಅರ್ಧದಷ್ಟು ಬಿದ್ದಿತ್ತು. ಅದೇ 1933ರಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ ಮಂಡ್ಯದಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಇರ್ವಿನ್ ನಾಲೆಯ (ಈಗಿನ ವಿ.ಸಿ. ನಾಲೆ) ನೀರು ಆಗತಾನೆ ಬಂದಿತ್ತು, 1932ರ ಕಾನೂನು ಹೊರದೇಶದ ಸಕ್ಕರೆಯಿಂದ ಇಲ್ಲಿನ ಉದ್ಯಮಕ್ಕೆ ರಕ್ಷಣೆ ಕೊಟ್ಟಿತ್ತು. ಕನ್ನಂಬಾಡಿ ಕಟ್ಟೆ 1911ರಲ್ಲೇ ಶುರುವಾದದ್ದು, ಆದ್ದರಿಂದ ಇದೆಲ್ಲವನ್ನೂ ಹಿಂಜರಿತಕ್ಕೆ ಮದ್ದೆಂದು ಯೋಜಿಸಿದರು ಎನ್ನಲಾಗದು. ಆದರೂ ಖಾಸಗಿ ಬಂಡವಾಳ ಹೆದರಿ ಕೂತಿದ್ದ ವರ್ಷಗಳಲ್ಲಿ ರೈತರಿಗೆ ಕಬ್ಬಿನ ಖಚಿತ ಮಾರುಕಟ್ಟೆಯೂ, ಸಾವಿರಾರು ಜನಕ್ಕೆ ಕೆಲಸವೂ ಸಿಕ್ಕಿದ್ದು ಅದರಿಂದಲೇ. ಇದಕ್ಕೆ ವಿರುದ್ಧವಾಗಿ, ಹಿಂಜರಿತದ ನಡುವೆ ಸರ್ಕಾರವೂ ಖರ್ಚು ಕಡಿತಕ್ಕೆ ಇಳಿದ ಗ್ರೀಸ್‌ನಲ್ಲಿ 2013ರ ವೇಳೆಗೆ ಉತ್ಪನ್ನ ಸುಮಾರು ಕಾಲು ಭಾಗ ಕುಗ್ಗಿತ್ತು, ನಿರುದ್ಯೋಗ ಶೇ. 27ನ್ನು ಮುಟ್ಟಿತ್ತು.

ಬಹಳ ಕಾಲ ಉಳಿಯುವ ಗಾಯ ಯುವಕರದು. 2009ರ ಸುಮಾರಿಗೆ ಮೈಸೂರಿನ ಎಂಜಿನಿಯರಿಂಗ್ ಪದವೀಧರರು ಸಾಫ್ಟ್‌ವೇರ್ ಕಂಪನಿಗಳ ಆಫರ್ ಲೆಟರ್ ಹಿಡಿದುಕೊಂಡು, ಸೇರುವ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಗುವುದನ್ನು ನೋಡುತ್ತಾ ಕೂತಿದ್ದರು. ಶಿಕ್ಷಣ ಸಾಲದ ಕಂತು ಆಗಿನ ನಿಯಮದಂತೆ ಓದು ಮುಗಿದ ಒಂದು ವರ್ಷಕ್ಕೆ ಅಥವಾ ಕೆಲಸ ಸಿಕ್ಕ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಶುರುವಾಗುತ್ತಿತ್ತು. ಕೆಲಸ ಸಿಗದಿದ್ದರೂ ಆ ಒಂದು ವರ್ಷ ಮುಗಿದ ಮೇಲೆ ಕಂತು ಕಾಯುತ್ತಿರಲಿಲ್ಲ. ಹಾಗಾಗಿ ಎಷ್ಟೋ ಮಕ್ಕಳು ಓದಿಗೆ ಸಂಬಂಧವೇ ಇಲ್ಲದ, ಸಿಕ್ಕಿದ ಸಂಬಳದ ಕೆಲಸಕ್ಕೆ ಸೇರಿ ಅಲ್ಲೇ ಉಳಿದರು. ಹಿಂಜರಿತದ ವರ್ಷದಲ್ಲಿ ಪದವಿ ಮುಗಿಸಿದವರ ಗಳಿಕೆ ಹತ್ತು ವರ್ಷದಷ್ಟು ಕಾಲ ಹಿಂದೆಯೇ ಉಳಿಯಬಹುದೆಂದು ಅಮೆರಿಕ, ಕೆನಡಾಗಳ ಅಧ್ಯಯನಗಳು ತೋರಿಸಿವೆ. ಅವರ ಮಟ್ಟಿಗೆ ಅದು ಆದಾಯದ ನಷ್ಟ, ದೇಶದ ಮಟ್ಟಿಗೆ ತಾನೇ ತಯಾರು ಮಾಡಿದ ಕೌಶಲದ ನಷ್ಟ. ಈ ನಷ್ಟ ಯಾವ ತ್ರೈಮಾಸಿಕದ ಅಂಕಿಯಲ್ಲೂ ಕಾಣುವುದಿಲ್ಲ.

ಹಾಗಾಗಿ ಮುಂದಿನ ಬಾರಿ ಸಮೀಕ್ಷೆಯ ವರದಿ ಬಂದಾಗ ನಿರುದ್ಯೋಗ ದರದ ಒಂದು ಸಾಲನ್ನಷ್ಟೇ ಓದಿ ನಿಲ್ಲಿಸಬೇಡಿ. ಕೃಷಿಯ ಪಾಲು ಎಷ್ಟಾಯಿತು, ತಿಂಗಳ ಸಂಬಳದ ಕೆಲಸದಲ್ಲಿರುವವರು ಎಷ್ಟು, 15ರಿಂದ 29 ವಯಸ್ಸಿನವರ ನಿರುದ್ಯೋಗ ಎಷ್ಟು ಎಂಬುದನ್ನು ಜೊತೆಗಿಟ್ಟು ನೋಡಿ. 2023–24ರಲ್ಲಿ ಒಟ್ಟು ದರ ಶೇ. 3.2 ಇದ್ದಾಗ ಈ ವಯಸ್ಸಿನವರದು ಶೇ. 10.2 ಇತ್ತು. ದುಡಿಮೆಯಲ್ಲಿ ತೊಡಗಿರುವ ಅಥವಾ ಕೆಲಸ ಹುಡುಕುತ್ತಿರುವ ಮಹಿಳೆಯರ ಪ್ರಮಾಣ 2017–18ರ ಶೇ. 23.3ರಿಂದ 2023–24ರಲ್ಲಿ ಶೇ. 41.7ಕ್ಕೆ ಏರಿದ್ದನ್ನೂ ಹಾಗೆಯೇ ಓದಬೇಕು. ಅವರಲ್ಲಿ ಎಷ್ಟು ಜನರ ಕೈಗೆ ತಿಂಗಳ ಸಂಬಳ ಬರುತ್ತದೆ, ಎಷ್ಟು ಜನ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುತ್ತಿದ್ದಾರೆ ಎಂಬ ಕೋಷ್ಟಕವೂ ಅದೇ ವರದಿಯಲ್ಲಿ ಇರುತ್ತದೆ.